ಚೀಸ್‌ಕೇಕ್ ಬೇಕ್ ಮಾಡಕ್ಕೆ ಯಾವ ಪ್ಯಾನ್ ತಗೊಳ್ಳೋದು? ಸ್ಪ್ರಿಂಗ್‌ಫಾರ್ಮ್ ಸೋರುತ್ತೆ ಅಂತಾರೆ, ನಿಜಾನಾ? (ಮಡಿಕೇರಿ, ಸಣ್ಣ ಓಟಿಜಿ, ಅಂದ್ರೆ ಮೇಜಿನ ಮೇಲಿಡೋ ಕರೆಂಟ್ ಓವನ್)

ಸೋರೋದು ನಿಜಾನೇ, ಆದ್ರೂ ಸ್ಪ್ರಿಂಗ್‌ಫಾರ್ಮೇ ತಗೊಳ್ಳಿ. ಚೀಸ್‌ಕೇಕ್‌ನ ಮಾಮೂಲಿ ಕೇಕ್ ತರ ತಟ್ಟೆ ಮೇಲೆ ಬೋರಲು ಹಾಕಿ ತೆಗೆಯಕ್ಕಾಗಲ್ಲ, ಹಾಕಿದ್ರೆ ಮೇಲ್ಗಡೆ ಪೂರ್ತಿ ಹಾಳು, ಅದಕ್ಕೇ ಕ್ಲಿಪ್ ಬಿಚ್ಚಿದ್ರೆ ಸುತ್ತಿನ ರಿಂಗ್ ಅಗಲ ಆಗಿ ಕಳಚಿ ಬರೋ ಪ್ಯಾನೇ ಬೇಕು. ನಾನು ಗೋಣಿಕೊಪ್ಪದಲ್ಲಿ ಮನೆಯಿಂದಲೇ ಕೇಕ್ ಮಾಡಿ ಕೊಡ್ತೀನಿ, ಹೋಂಸ್ಟೇಯವ್ರು ಪ್ಯಾಶನ್ ಫ್ರೂಟ್ ಚೀಸ್‌ಕೇಕ್ ತುಂಬಾ ಕೇಳ್ತಾರೆ, ಹಾಗಾಗಿ ಈ ಪ್ಯಾನ್ ವಿಷಯ ನಂಗೆ ದಿನಾ ಇರೋದೇ.

ಮೊದ್ಲು ಟೇಪ್ ಹಿಡ್ಕೊಂಡು ಓಟಿಜಿ ಒಳಗೆ ಅಳೀರಿ, ಪ್ಯಾನ್ ಆಮೇಲೆ. ರೆಸಿಪಿಗಳಲ್ಲಿ ಸಾಮಾನ್ಯವಾಗಿ 9 ಇಂಚ್ ಅಂತಿರುತ್ತೆ, ಅದಕ್ಕೆ ಕ್ರೀಮ್ ಚೀಸೇ ಸುಮಾರು 900 ಗ್ರಾಂ ಬೇಕು, ಮೇಲಿಂದ ಆ ಪ್ಯಾನ್‌ನ ಇನ್ನೂ ಅಗಲದ ಬಿಸಿನೀರಿನ ಟ್ರೇಯಲ್ಲಿ ಇಡ್ಬೇಕು (ಯಾಕೆ ಅಂತ ಕೆಳಗೆ ಹೇಳ್ತೀನಿ), ಸಣ್ಣ ಓಟಿಜಿ ಬಾಗಿಲೇ ಮುಚ್ಚಲ್ಲ. 7 ಇಂಚ್ ಸಾಕು. ಅದೇ ರೆಸಿಪಿಯ ಐದರಲ್ಲಿ ಮೂರು ಪಾಲು ಮಾಡ್ಕೊಂಡ್ರೆ ಅಳತೆ ಸರಿಹೋಗುತ್ತೆ. ಎತ್ತರ ಮಾತ್ರ ಎರಡೂವರೆ ಇಂಚಿಗಿಂತ ಕಮ್ಮಿ ಬೇಡ, ಬೇಯೋವಾಗ ಸ್ವಲ್ಪ ಉಬ್ಬುತ್ತೆ.

ಬಣ್ಣ ನೋಡಿ ತಗೊಳ್ಳಿ. ಕಪ್ಪು ನಾನ್‌ಸ್ಟಿಕ್ ಶಾಖ ಜಾಸ್ತಿ ಎಳ್ಕೊಳ್ಳುತ್ತೆ, ಸಣ್ಣ ಓಟಿಜಿಯಲ್ಲಿ ರಾಡ್ ಬೇರೆ ಹತ್ರ ಇರುತ್ತಲ್ಲ, ನಡು ಗಟ್ಟಿಯಾಗೋ ಅಷ್ಟರಲ್ಲಿ ಅಂಚು ಕಂದಾಗಿ ಒಣಗಿರುತ್ತೆ. ತಿಳಿ ಬಣ್ಣದ ಆನೋಡೈಸ್ಡ್ ಅಲ್ಯೂಮಿನಿಯಂ ಸಿಕ್ರೆ ಕಣ್ಮುಚ್ಚಿ ತಗೊಳ್ಳಿ. ಕಪ್ಪುದೇ ಸಿಕ್ಕಿದ್ರೆ ಉರಿ ಒಂದು 10-15 ಡಿಗ್ರಿ ಇಳಿಸಿ.

ಈಗ ಸೋರೋ ವಿಷಯ. ಡಬ್ಬದ ಮೇಲೆ ಲೀಕ್‌ಪ್ರೂಫ್ ಅಂತ ಬರೆದಿದ್ರೂ ನಂಬ್ಕೊಂಡು ನೀರಲ್ಲಿ ಇಡಬೇಡಿ, ಒಳಗಿನ ಮಿಕ್ಸ್ ಗಟ್ಟಿ ಇರೋದ್ರಿಂದ ಹೊರಗೆ ಬರಲ್ಲ ಅಷ್ಟೇ, ತೆಳ್ಳಗಿನ ಬಿಸಿನೀರು ತಳ-ರಿಂಗ್ ಸೇರೋ ಸಂದೀಲಿ ಒಳಗೆ ಹೋಗೇ ಹೋಗುತ್ತೆ, ಬಿಸ್ಕೆಟ್ ತಳ ಎಲ್ಲಾ ಪಿಚಪಿಚ ಆಗುತ್ತೆ. ಫಾಯಿಲ್ ಸುತ್ತಿ ಅಂತ ಎಲ್ರೂ ಹೇಳ್ತಾರೆ, ಆದ್ರೆ ನಮ್ಮಲ್ಲಿ ಸಿಗೋ ಫಾಯಿಲ್ ರೋಲ್ ಒಂದಡಿ ಅಗಲ ಇದ್ರೆ ಹೆಚ್ಚು, ಜೋಡಿಸಿ ಸುತ್ತಿದ್ರೆ ಆ ಜಾಯಿಂಟಲ್ಲೇ ನೀರು ಇಳಿಯುತ್ತೆ. ಅದರ ಬದಲು ಇನ್ನೊಂದು ದೊಡ್ಡ, ತೂತು ಗೀತು ಇಲ್ದಿರೋ ಮಾಮೂಲಿ ಕೇಕ್ ಟಿನ್ ಒಳಗೆ ಸ್ಪ್ರಿಂಗ್‌ಫಾರ್ಮ್ ಇಟ್ಟು, ಆ ಟಿನ್ನನ್ನ ನೀರಿನ ಟ್ರೇಯಲ್ಲಿ ಇಡಿ. ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತೆ, ಆದ್ರೆ ಒಂದ್ ಹನಿ ನೀರು ಒಳಗೆ ಹೋಗಲ್ಲ. ಒಂದು ಗಮನಿಸಿ, ಕ್ಲಿಪ್ ಪಕ್ಕಕ್ಕೆ ಚಾಚ್ಕೊಂಡಿರುತ್ತೆ, ತಳದ ಅಂಚೂ ಈಚೆ ಬಂದಿರುತ್ತೆ, 7 ಇಂಚಿನದು 8 ಇಂಚ್ ಟಿನ್ನಲ್ಲಿ ಕೂರದೇ ಇರಬಹುದು, ಅಂಗಡೀಲೇ ಒಂದರೊಳಗೊಂದು ಇಟ್ಟು ನೋಡಿ. ನೀರಿನ ರಗಳೆಯೇ ಬೇಡ ಅನ್ನಬೇಡಿ, ಓಟಿಜಿ 160 ಡಿಗ್ರಿ ಇದ್ರೂ ನೀರು 100 ದಾಟಲ್ಲ, ಅದಕ್ಕೇ ಅಂಚಿನ ಮೊಟ್ಟೆ ಅತಿಯಾಗಿ ಬೆಂದು ಕೇಕ್ ಬಿರುಕು ಬಿಡೋದು ತಪ್ಪುತ್ತೆ.

ತಳದ ತಟ್ಟೆಗೆ ಅಂಚು ಎದ್ದಿದ್ರೆ ಅದನ್ನ ತಿರುಗಿಸಿ ಹಾಕಿ ಕ್ಲಿಪ್ ಮಾಡಿ, ಕೇಕ್ ಸಲೀಸಾಗಿ ಜಾರಿಸಬಹುದು.

ಇನ್ನು ನಮ್ಮೂರ ಮಳೆಗೆ ತುಕ್ಕು. ಇದನ್ನ ಬೇರೆ ಊರಿನವ್ರು ಯಾರೂ ಹೇಳಲ್ಲ. ಅಂಗಡಿಗೆ ಹೋಗುವಾಗ ಫ್ರಿಜ್ಜಿನ ಮ್ಯಾಗ್ನೆಟ್ ಒಂದು ತಗೊಂಡ್ಹೋಗಿ, ಪ್ಯಾನ್‌ಗೆ ಅಂಟಿದ್ರೆ ಅದು ಕಬ್ಬಿಣದ್ದು, ಕೋಟಿಂಗ್ ಎಲ್ಲಿ ಗೀರಿ ಹೋಗುತ್ತೋ ಅಲ್ಲಿಂದ ಜೂನ್ ಬಂದ ತಕ್ಷಣ ತುಕ್ಕು ಶುರು. ಅಲ್ಯೂಮಿನಿಯಂ ತಗೊಂಡ್ರೂ ಕ್ಲಿಪ್ ಸ್ಟೀಲಿದೇ ಇರುತ್ತೆ, ರಿಂಗಿನ ಕೆಳಗಿನ ಸಂದಿಯಲ್ಲಿ ನೀರು ನಿಲ್ಲುತ್ತೆ, ಬಟ್ಟೇಲಿ ಒರೆಸಿದ್ರೆ ಹೋಗಲ್ಲ. ತೊಳೆದ ಮೇಲೆ ರಿಂಗ್ ಬೇರೆ ತಳ ಬೇರೆ ಮಾಡಿ, ಆಫ್ ಮಾಡಿದ ಓಟಿಜಿಯ ಉಳಿದ ಬಿಸಿಯಲ್ಲಿ ಹತ್ತು ನಿಮಿಷ ಇಡಿ, ಎತ್ತಿಡುವಾಗ ಕ್ಲಿಪ್ ಬಿಚ್ಚೇ ಇರಲಿ.

ದುಡ್ಡು ಉಳಿದ್ರೆ 6 ಇಂಚಿನದು ಇನ್ನೊಂದು ತಗೊಳ್ಳಿ. ಮಳೆಗಾಲದಲ್ಲಿ ಕರೆಂಟ್ ಹೋದ ದಿನ ಅದನ್ನ ಕಡಂಬುಟ್ಟು (ಅಕ್ಕಿ ತರಿಯ ಕಡುಬು) ಆವಿಯಲ್ಲಿ ಬೇಯಿಸೋ ಪಾತ್ರೆಯಲ್ಲೇ ಇಟ್ಟು, ಆವಿ ನೀರು ಬೀಳದ ಹಾಗೆ ಮೇಲೆ ಫಾಯಿಲ್ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು, ಮೇಲೆ ಕಂದು ಬಣ್ಣ ಬರಲ್ಲ, ಆದ್ರೆ ತುಂಬಾ ಮೆತ್ತಗೆ ಬರುತ್ತೆ.