ಅಂಗಡಿಯಲ್ಲಿ ಜಾರಿ ಬಿದ್ದವರ ಆಸ್ಪತ್ರೆ ಬಿಲ್

ನ್ಯೂಜೆರ್ಸಿಯ ನಿಮ್ಮ ದಿನಸಿ ಅಂಗಡಿಯಲ್ಲಿ ಒದ್ದೆ ನೆಲದ ಮೇಲೆ ಗ್ರಾಹಕರೊಬ್ಬರು ಜಾರಿ ಬಿದ್ದಿದ್ದಾರೆ, ಕೇಸ್ ಇಲ್ಲದೆಯೂ ಇನ್ಶೂರೆನ್ಸ್ ಬಿಲ್ ಕಟ್ಟುತ್ತದಾ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಕಟ್ಟುತ್ತದೆ. ನಿಮ್ಮ ಜನರಲ್ ಲಯಬಿಲಿಟಿ ಪಾಲಿಸಿಯಲ್ಲಿ (ಅಂಗಡಿಯಿಂದ ಬೇರೆಯವರಿಗೆ ಆದ ಗಾಯ, ನಷ್ಟಕ್ಕೆ ಇರುವ ಇನ್ಶೂರೆನ್ಸ್) ‘ಕವರೇಜ್ ಸಿ, ಮೆಡಿಕಲ್ ಪೇಮೆಂಟ್ಸ್’ ಅನ್ನೋ ಭಾಗ ಇದೆಯಾ ನೋಡಿ. ಅಲ್ಲಿ ತಪ್ಪು ಯಾರದು ಅಂತ ಕೇಳುವುದೇ ಇಲ್ಲ. ಆಂಬುಲೆನ್ಸ್, ಎಕ್ಸ್‌ರೇ, ಆಪರೇಷನ್ ಎಲ್ಲ ಸೇರುತ್ತದೆ. ಆದರೆ ಮಿತಿ ಚಿಕ್ಕದು, ಒಬ್ಬರಿಗೆ 5,000 ಅಥವಾ 10,000 ಡಾಲರ್ ಇರುವುದೇ ಜಾಸ್ತಿ. ಮೂಳೆ ಮುರಿದಿದ್ದರೆ ಅದು ಬೇಗ ಕರಗಿಹೋಗುತ್ತದೆ. ಸ್ಟ್ಯಾಂಡರ್ಡ್ ಪಾಲಿಸಿಯಲ್ಲಿ ಬಿದ್ದ ದಿನದಿಂದ 1 ವರ್ಷದೊಳಗೆ ಆದ, ಅಷ್ಟರೊಳಗೇ ಇನ್ಶೂರೆನ್ಸ್ ಕಂಪನಿಗೆ ತಿಳಿಸಿದ ಖರ್ಚಿಗೆ ಮಾತ್ರ ದುಡ್ಡು. ದಯವಿಟ್ಟು ಇವತ್ತೇ ಏಜೆಂಟ್‌ಗೆ ಫೋನ್ ಮಾಡಿ. ಬಿಲ್ ಕಟ್ಟಿದ ಮೇಲೂ ಬಿದ್ದವರು ಕೇಸ್ ಹಾಕಬಹುದು, ಅದಕ್ಕೆ ಅದೇ ಪಾಲಿಸಿಯಲ್ಲಿ ಕವರೇಜ್ ಎ, ಅಂದರೆ ಗಾಯದ ಪರಿಹಾರದ ಹೊಣೆ ನೋಡಿಕೊಳ್ಳುವ ಭಾಗ ಇದೆ. ಬಿದ್ದವರು ನಿಮ್ಮ ಕೆಲಸದವರಾಗಿದ್ದರೆ ಇದ್ಯಾವುದೂ ಅಲ್ಲ, ವರ್ಕರ್ಸ್ ಕಾಂಪೆನ್ಸೇಶನ್ (ಕೆಲಸದಲ್ಲಿ ಗಾಯವಾದ ಕೆಲಸದವರಿಗೆ ಇರುವ ಬೇರೆ ಇನ್ಶೂರೆನ್ಸ್) ನೋಡಬೇಕು.