ಗೋಡೆಯ ಬೂಸ್ಟಿಗೆ ಬಾಡಿಗೆಯವರ ಅಡ್ವಾನ್ಸ್ ಹಿಡಿಯಬಹುದೇ?

ಜುಲೈ ಬಂತೆಂದರೆ ಕರಾವಳಿಯ ಮನೆಮಾಲೀಕರಿಂದ ನನಗೆ ಬರುವ ಪತ್ರಗಳೆಲ್ಲ ಒಂದೇ ಅಚ್ಚಿನವು. ಚುಟುಕಾಗಿ ಉತ್ತರಿಸಿ ಫಲ ಕಾಣದ ಕಾರಣ ಈ ಬಾರಿ ಹೆಚ್ಚಿನ ಜಾಗವನ್ನು ಒಂದೇ ಪ್ರಶ್ನೆಗೆ ಕೊಟ್ಟಿದ್ದೇನೆ.

ಪ್ರಶ್ನೆ: ಮಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟಿರುವ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಮನೆಯ ಪಶ್ಚಿಮದ ಕೋಣೆಯಲ್ಲಿ ಪ್ರತಿ ಮಳೆಗಾಲವೂ ಕಪ್ಪು ಬೂಸ್ಟು ಬರುತ್ತದೆ. ಮೂರು ವರ್ಷದಲ್ಲಿ ಎರಡು ಸಲ ಒಳಗೋಡೆಗೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದ್ದೇನೆ. ಬಾಡಿಗೆಯವರು ಕಿಟಕಿ ತೆರೆಯುವುದಿಲ್ಲ, ಬಟ್ಟೆಯನ್ನು ಒಳಗೇ ಒಣಗಿಸುತ್ತಾರೆ. ಖರ್ಚನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಬಹುದೇ?

ಉತ್ತರ: ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಅವರು ಬಟ್ಟೆಯನ್ನು ಇನ್ನೆಲ್ಲಿ ಒಣಗಿಸಬೇಕಿತ್ತು ಎಂಬುದನ್ನು ನೀವು ಬರೆದಿಲ್ಲ. ಹೊರಗಿನ ಗಾಳಿಯೇ ಶೇ 90ರ ಆಸುಪಾಸಿನ ತೇವಾಂಶ ಹೊತ್ತು ಬರುವ ದಿನಗಳಲ್ಲಿ ಕಿಟಕಿ ತೆರೆದು ಗೋಡೆ ಒಣಗಿಸಿ ಎಂಬ ಉಪದೇಶ ಒಣಹವೆಯ ಊರಿಗೆ ಸರಿ, ಮಂಗಳೂರಿಗಲ್ಲ. ಗೋಡೆಯ ಮೇಲ್ಮೈಯಲ್ಲಿ ಶೇ 80ಕ್ಕಿಂತ ಹೆಚ್ಚಿನ ತೇವಾಂಶ ಕೆಲವು ದಿನ ನಿಂತರೆ ಸಾಕು, ಬೂಸ್ಟಿಗೆ ನೀರಿನ ಹನಿಯೂ ಬೇಕಿಲ್ಲ. ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಅದು ಹಿಡಿಯುವುದು ಹೀಗೆಯೇ. ಆದರೆ ಗಾಳಿಯ ತೇವದಿಂದ ಬರುವ ಬೂಸ್ಟು ಸಾಮಾನ್ಯವಾಗಿ ಬೀರುವಿನ ಹಿಂದೆ, ಮೂಲೆಗಳಲ್ಲಿ, ಗಾಳಿಯಾಡದ ಕಡೆ ಚುಕ್ಕಿಚುಕ್ಕಿಯಾಗಿ ಹರಡುತ್ತದೆಯೇ ಹೊರತು, ಪ್ರತಿ ವರ್ಷ ಮಳೆ ಬಡಿಯುವ ಒಂದೇ ಗೋಡೆಯನ್ನು ಹುಡುಕಿಕೊಂಡು ಬರುವುದಿಲ್ಲ. ನೈಋತ್ಯ ಮಾರುತದ ಮಳೆ ನಿಮ್ಮ ಪಶ್ಚಿಮದ ಗೋಡೆಗೆ ನೇರವಾಗಿ ಬಡಿಯುತ್ತದೆ. ಮುರಕಲ್ಲೋ ರಂಧ್ರಮಯ, ಹೊರಸಾರಣೆಯಲ್ಲಿ ಕೂದಲೆಳೆಯ ಬಿರುಕು ಸಿಕ್ಕಿದರೆ ಸಾಕು, ನೀರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ.

ಅನುಮಾನವಿದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಒಂದಡಿ ಚೌಕಕ್ಕೆ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ಬಿಚ್ಚಿ ನೋಡಿ. ಗೋಡೆಯ ಕಡೆ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಕೋಣೆಯ ಕಡೆ ಹನಿಗಟ್ಟಿದ್ದರೆ ಕೋಣೆಯ ಗಾಳಿಯದ್ದು. ಟೇಪೇ ಅಂಟದಷ್ಟು ಪಸೆಯಿದ್ದರೆ ಪರೀಕ್ಷೆಯ ಅಗತ್ಯವೇ ಇಲ್ಲ. ಮಾರ್ಚ್ ತಿಂಗಳಲ್ಲೂ ಅದೇ ಜಾಗ ಒದ್ದೆಯಾಗಿರುವುದಾದರೆ ಮಳೆಯನ್ನು ಬಿಟ್ಟು ಬಚ್ಚಲಿನ ಪೈಪನ್ನು ಹುಡುಕಿ.

ಆಮೇಲೆ ಕಿಟಕಿಯ ಹತ್ತಿರ ಹೋಗಿ ಚೌಕಟ್ಟಿನ ಕೆಳಗಿನ ಹೊರಕಟ್ಟೆಯ ಮೇಲೆ ಒಂದು ಚಮಚ ನೀರು ಸುರಿಯಿರಿ. ನಾನು ನೋಡಿದ ಒಂದು ಮನೆಯಲ್ಲಿ ಆ ನೀರು ಹೊರಗೆ ಇಳಿಯುವ ಬದಲು ಚೌಕಟ್ಟಿನ ಅಡಿಯಿಂದ ಒಳಗೆ ಬಂದು, ಹೊಸ ಪುಟ್ಟಿಯ ಮೇಲೆ ನನ್ನ ಕಣ್ಣೆದುರೇ ಹಳದಿ ಗೆರೆಯಾಗಿ ಇಳಿಯಿತು. ಐದು ವರ್ಷ ಆ ಮಾಲೀಕರು ಬಾಡಿಗೆಯವರ ಸ್ನಾನದ ಬಿಸಿನೀರನ್ನು ದೂರಿದ್ದರು. ಕಿಟಕಿಯ ಮೇಲಿನ ಸಜ್ಜಾದ ಅಡಿಯಲ್ಲಿ ಅಂಚಿನುದ್ದಕ್ಕೂ ನೀರು ಕಡಿಯುವ ಗೀರು ಇದೆಯೇ ಎಂದೂ ನೋಡಿ, ಅದಿಲ್ಲದಿದ್ದರೆ ನೀರು ಸಜ್ಜಾದ ಹೊಟ್ಟೆಗಂಟಿಕೊಂಡು ಗೋಡೆಗೆ ಬರುತ್ತದೆ.

ಒಳಗಿನಿಂದ ಹೊಡೆಸಿದ ವಾಟರ್‌ಪ್ರೂಫ್ ಪೇಂಟ್ ಹೊರಗಿನಿಂದ ಬರುವ ನೀರನ್ನು ತಡೆಯುವುದಿಲ್ಲ, ಹೊರಹೋಗುವ ದಾರಿಯನ್ನು ಮಾತ್ರ ಮುಚ್ಚುತ್ತದೆ; ಹಿಂದೆ ಸೇರಿದ ನೀರೂ ಉಪ್ಪೂ ಒಂದು ದಿನ ಪೇಂಟನ್ನು ಗುಳ್ಳೆಯೆಬ್ಬಿಸಿ ಕಳಚುತ್ತವೆ. ಗೋಡೆಯನ್ನು ಬೆರಳಿನಿಂದಲೂ ಮುಟ್ಟದೆ ‘ಏಳು ವರ್ಷ ಗ್ಯಾರಂಟಿ’ ಬರೆದುಕೊಡುವವರಿಗೆ ನಿಮ್ಮ ಮನೆಯ ಗೇಟು ತೆರೆಯಬೇಡಿ. ಮಳೆ ನಿಂತ ಮೇಲೆ ಒಳಗಿನ ಪುಟ್ಟಿ ಕೆರೆಸಿ ಗೋಡೆಗೆ ಉಸಿರಾಡಲು ಬಿಡಿ, ಬೇಸಿಗೆಯಲ್ಲಿ ಹೊರಗಿನ ಬಿರುಕು, ಕಿಟಕಿಯ ಹೊರಕಟ್ಟೆ, ಸಜ್ಜಾ ಸರಿಪಡಿಸಿ, ಕೊನೆಗೆ ಮಾತ್ರ ಪೇಂಟ್. ಗೋಡೆಯ ಒಂದಿಂಚು ದಪ್ಪ ಒಣಗಲು ಸುಮಾರು ಒಂದು ತಿಂಗಳು ಎಂಬ ಹಳೆಯ ಲೆಕ್ಕವನ್ನು ಮೇಸ್ತ್ರಿ ಅವಸರ ಮಾಡಿದರೂ ಮರೆಯಬೇಡಿ. ಹಿಂದಿನವರು ಈ ಗೋಡೆಗೆ ಮಳೆಗಾಲದ ಮೊದಲೇ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ನೀವು ಶೀಟಿನ ಮಾಡು ಇಳಿಸಿದರೂ ಅದೇ ಕೆಲಸವಾಗುತ್ತದೆ.

ಅಡ್ವಾನ್ಸ್ ವಿಷಯ: ಹಿಡಿಯಬೇಡಿ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ರಾಜ್ಯಗಳಿಗೆ ಮಾದರಿ ಮಾತ್ರವಾದರೂ, ಬಾಡಿಗೆದಾರರು ಮಾಡಿದ ಹಾನಿಯ ಹೊರತಾಗಿ ಕಟ್ಟಡದ ರಚನೆಯ ದುರಸ್ತಿ, ಗೋಡೆಗೆ ಸುಣ್ಣ ಬಳಿಸುವುದು, ಪೈಪ್ ಬದಲಿಸುವುದು ಮಾಲೀಕರ ಹೊಣೆ ಎಂದು ಅದರ ಎರಡನೇ ಅನುಸೂಚಿ ಹೇಳುತ್ತದೆ. ನಿಮ್ಮ ಪಶ್ಚಿಮದ ಗೋಡೆಯನ್ನು ಬಾಡಿಗೆಯವರು ಕಟ್ಟಿಸಿಲ್ಲ.

ಪ್ರಶ್ನೆ: ಕರ್ಪೂರ ಇಟ್ಟರೆ, ಬೇವಿನ ಹೊಗೆ ಹಾಕಿದರೆ ಬೂಸ್ಟು ಹೋಗುವುದೇ?

ಉತ್ತರ: ಇಲ್ಲ.

ಪ್ರಶ್ನೆ: ಎದೆಯೆತ್ತರದವರೆಗೆ ಟೈಲ್ಸ್ ಹಾಕಿಸಿದರೆ?

ಉತ್ತರ: ಪಸೆ ಟೈಲ್ಸ್‌ನ ಮೇಲಂಚಿನಲ್ಲಿ ಕಾಣಿಸಿಕೊಳ್ಳುತ್ತದೆ.

ಪ್ರಶ್ನೆ: ಬ್ಲೀಚಿಂಗ್ ಪುಡಿ ಹಾಕಿ ಬ್ರಶ್‌ನಿಂದ ಉಜ್ಜಬಹುದೇ?

ಉತ್ತರ: ಒಣಗಿದ ಬೂಸ್ಟನ್ನು ಉಜ್ಜಿದರೆ ಅದರ ಬೀಜಕಣಗಳು ಕೋಣೆಯ ತುಂಬ ಹಾರುತ್ತವೆ, ಆದ್ದರಿಂದ ಮೂಗುಬಾಯಿಗೆ ಮಾಸ್ಕ್, ಕೈಗೆ ಗವಸು ಹಾಕಿ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಎಸೆಯಿರಿ. ಬ್ಲೀಚಿಂಗ್ ಪುಡಿಯ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ; ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಉಬ್ಬಸದವರಿದ್ದರೆ ಅವರನ್ನು ಆ ಹೊತ್ತಿಗೆ ಹೊರಗೆ ಕಳುಹಿಸಿ, ಕೆಲಸದ ಕೂಲಿಯನ್ನು ನೀವೇ ಕೊಡಿ.