ಮೊದಲ ಆರ್‌ಸಿ ಗಾಡಿ: ರೆಡಿ ತೆಗೆಯುವುದಾ, ಕಟ್ಟುವುದಾ?

ಸಂತೆಕಟ್ಟೆಯವರು ಕೇಳಿದ್ದು ಇಷ್ಟು: ಮಗ ಒಂಬತ್ತನೇ ಕ್ಲಾಸ್, ಬಜೆಟ್ ಹತ್ತು ಸಾವಿರ, ರೆಡಿ ಆರ್‌ಸಿ ಕಾರು (ರಿಮೋಟಿನಲ್ಲಿ ಓಡುವುದು) ತೆಗೆಯುವುದಾ ಅಥವಾ ಯೂಟ್ಯೂಬ್ ನೋಡಿ ಮನೆಯಲ್ಲೇ ಕಟ್ಟುವುದಾ, ಓಡಿಸುವುದು ಮಲ್ಪೆ ಬೀಚಿನಲ್ಲಿ. ಉತ್ತರ ಸ್ವಲ್ಪ ಉದ್ದ ಉಂಟು, ಪುರುಸೊತ್ತಿನಲ್ಲಿ ಓದಿ.

ರೆಡಿ ತೆಗೆಯಿರಿ. ಆದರೆ ಬಿಚ್ಚಿ ಜೋಡಿಸಲು ಬರುವ ರೆಡಿ ಗಾಡಿ. ಬೀಚು ಬೇಡ, ಅದಕ್ಕೆ ಆಮೇಲೆ ಬರ್ತೇನೆ.

ಮಾಲ್‌ನಲ್ಲಿ ಸಿಗುವ ಆಟಿಕೆ ಕಾರಿಗೂ ಹವ್ಯಾಸದವರ ಕಾರಿಗೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೊಳ್ಳುವ ಮೊದಲು ಮೂರು ವಿಷಯ ನೋಡಿ. ಒಂದು, ಸ್ಟೇರಿಂಗ್ ತಿರುಗಿಸುವ ಪುಟ್ಟ ಮೋಟರ್, ಅಂದರೆ ಸರ್ವೋಗೆ ಎಷ್ಟು ವಯರ್? ಮೂರಿದ್ದರೆ ಒಳ್ಳೆಯದು, ಹಾಳಾದಾಗ ಅಳತೆಗೆ ಕೂರುವ ಯಾವ ಕಂಪೆನಿಯ ಸರ್ವೋ ಆದರೂ ನಡೀತದೆ. ಐದಿದ್ದರೆ ಸರ್ವೋದ ಮೆದುಳು ಗಾಡಿಯ ಬೋರ್ಡಿನಲ್ಲಿರ್ತದೆ, ಬೇರೆ ಸರ್ವೋ ಹೊಂದುವುದಿಲ್ಲ. ಎರಡು, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್ ಮತ್ತು ಇಎಸ್‌ಸಿ, ಅಂದರೆ ಮೋಟರಿನ ವೇಗ ನೋಡಿಕೊಳ್ಳುವ ಡಬ್ಬಿ, ಬೇರೆಬೇರೆ ಉಂಟಾ? ಕಡಿಮೆ ಬೆಲೆಯ ಗಾಡಿಗಳಲ್ಲಿ ಎರಡೂ ಒಂದೇ ಬೋರ್ಡ್; ಒಂದು ಸುಟ್ಟರೆ ಎರಡನ್ನೂ ಬದಲಾಯಿಸಬೇಕು. ಈ ಬಜೆಟ್ಟಿನಲ್ಲಿ ಇದೊಂದನ್ನು ಸಹಿಸಿಕೊಳ್ಳಬೇಕಾದೀತು. ಮೂರು, ಆ ಮಾಡೆಲ್ಲಿನ ಸಸ್ಪೆನ್ಷನ್ ಆರ್ಮ್ (ಚಕ್ರ ಹಿಡಿಯುವ ತೋಳು), ಡ್ರೈವ್ ಶಾಫ್ಟ್, ಸ್ಪರ್ ಗೇರ್ (ಮೋಟರ್ ತಿರುಗಿಸುವ ದೊಡ್ಡ ಗೇರ್) ಬಿಡಿಯಾಗಿ ನಮ್ಮ ದೇಶದಲ್ಲಿ ಸಿಗ್ತದಾ? ಮುಂದಿನ ಆರ್ಮ್ ಮುರಿಯುವುದು ಖಂಡಿತ. ಇನ್ನೂರು ರೂಪಾಯಿಯ ತುಂಡಿಗೆ ಎರಡು ತಿಂಗಳು ಕಾದರೆ ಹುಡುಗನ ಆಸಕ್ತಿಯೇ ಹೋಗ್ತದೆ. ಡಬ್ಬಿಯ ಮೇಲೆ ಬರೆದ ಸ್ಪೀಡ್ ನೋಡಿ ಗಾಡಿ ಆರಿಸಬೇಡಿ.

ನಿಮ್ಮ ಬಜೆಟ್ಟಿನ ಆಸುಪಾಸಿನಲ್ಲಿ 1/14 ಅಳತೆಯ (ನಿಜ ಗಾಡಿಯ ಹದಿನಾಲ್ಕನೇ ಒಂದು ಪಾಲು) ನಾಲ್ಕೂ ಚಕ್ರ ಓಡುವ ಬಗ್ಗಿಗಳು ಬರ್ತವೆ. ಡಬ್ಲ್ಯುಎಲ್‌ಟಾಯ್ಸ್ 144001 ಎಲ್ಲರೂ ಹೇಳುವ ಹೆಸರು: 550 ಅಳತೆಯ ಬ್ರಶ್ ಮೋಟರ್, 7.4 ವೋಲ್ಟಿನ 1500 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ. ಸರಾಸರಿ 8 ಆಂಪಿಯರ್ ಎಳೆದರೆ ಹನ್ನೊಂದು ನಿಮಿಷ ಓಡೀತು, ಅಷ್ಟೇ. ಹಾಗಾಗಿ ಇನ್ನೊಂದು ಬ್ಯಾಟರಿಯ ದುಡ್ಡು ಮೊದಲೇ ತೆಗೆದಿಡಿ.

ಇನ್ನು ಮನೆಯಲ್ಲಿ ಕಟ್ಟುವುದು. ಯೂಟ್ಯೂಬಿನಲ್ಲಿ ನೋಡಿದ್ದು ಹೆಚ್ಚಾಗಿ ಆರ್ಡುಯಿನೊ (ಕೋಡ್ ಹಾಕುವ ಪುಟ್ಟ ಬೋರ್ಡ್), ಎಚ್‌ಸಿ-05 ಬ್ಲೂಟೂತ್, ಮೋಟರಿಗೆ ಕರೆಂಟ್ ಕೊಡುವ ಎಲ್298ಎನ್ ಡ್ರೈವರ್, ನಾಲ್ಕು ಹಳದಿ ಗೇರ್ ಮೋಟರ್ ಹಾಕಿದ ಗಾಡಿ ಇರಬೇಕು. ಕೋಡಿಂಗ್ ಕಲಿಯಲು ಅದು ಚಂದವೇ. ಲೆಕ್ಕ ಮಾತ್ರ ನೋಡಿ: ಆ ಮೋಟರ್ ನಿಮಿಷಕ್ಕೆ ಸುಮಾರು 200 ಸುತ್ತು, ಚಕ್ರ 65 ಮಿಮೀ, ಒಂದು ಸುತ್ತಿಗೆ 20 ಸೆಂಮೀ ಚಿಲ್ಲರೆ. ಗಂಟೆಗೆ ಎರಡೂವರೆ ಕಿಲೋಮೀಟರ್ ಆಯಿತು. ಅಜ್ಜಿ ಅಂಗಡಿಗೆ ಹೋಗುವುದೇ ಅದಕ್ಕಿಂತ ಬೇಗ. ಮೇಲಿಂದ ಎಲ್298ಎನ್ ತಾನೇ 2 ವೋಲ್ಟಿನಷ್ಟು ತಿಂತದೆ, ಬ್ಲೂಟೂತ್ ಹತ್ತು ಮೀಟರ್ ದಾಟಿದರೆ ಕೈಕೊಡ್ತದೆ. ಮೇಜಿನ ಮೇಲೆ ಇರಲಿ, ಮೈದಾನಕ್ಕೆ ಆಗುವುದಿಲ್ಲ. 3ಡಿ ಪ್ರಿಂಟ್ ಮಾಡಿ ಕಟ್ಟುವವರಿಗೂ ಒಂದು ಮಾತು: ಪ್ರಿಂಟಿಗೆ ಬಳಸುವ ಪ್ಲಾಸ್ಟಿಕ್ ಪಿಎಲ್‌ಎ 60 ಡಿಗ್ರಿಯ ಹತ್ತಿರ ಮೆತ್ತಗಾಗ್ತದೆ. ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅಥವಾ ಬಿಸಿ ಮೋಟರಿಗೆ ತಾಗಿ ಇಟ್ಟರೆ ಸೊಟ್ಟ ಆಗ್ತದೆ. ಮೋಟರ್ ಹಿಡಿಯುವ ತುಂಡನ್ನಾದರೂ ಹೆಚ್ಚು ಬಿಸಿ ತಡೆಯುವ ಪಿಇಟಿಜಿಯಲ್ಲಿ ತೆಗೆಯಿರಿ.

ನಿಜವಾಗಿ ಕಟ್ಟುವ ಸುಖ ಬೇಕಾದರೆ ಕಿಟ್, ಅಂದರೆ ಬಿಡಿ ತುಂಡುಗಳಾಗಿ ಬರುವ ಗಾಡಿ. ಜಪಾನಿನ ಟಮಿಯಾ 1976ರಲ್ಲಿ ಪೋರ್ಶೆ 934ರಿಂದ ಶುರು ಮಾಡಿದ ದಾರಿ ಅದು. ಈಗ ಹೊಸಬರಿಗೆ ಅವರ ಟಿಟಿ-02 ಚಾಸಿ ಸರಿ. ಹತ್ತು ಸಾವಿರಕ್ಕೆ ಮಾತ್ರ ಪೂರ್ತಿಯಾಗುವುದಿಲ್ಲ, ಯಾಕೆಂದರೆ ಡಬ್ಬಿಯಲ್ಲಿ ಗಾಡಿಯ ತುಂಡುಗಳ ಜೊತೆ ಮೋಟರ್, ಹೆಚ್ಚಿನದರಲ್ಲಿ ಇಎಸ್‌ಸಿ, ಅಷ್ಟೇ ಇರ್ತದೆ. ರಿಮೋಟ್, ರಿಸೀವರ್, ಸರ್ವೋ, ಬ್ಯಾಟರಿ, ಚಾರ್ಜರ್, ಪೈಂಟ್ ಎಲ್ಲ ಹೊರಗಿಂದ. ಬೇರಿಂಗ್ ಬದಲು ಬುಶ್ (ಗುಂಡುಗಳಿಲ್ಲದ ಬರೀ ಬಳೆ) ಕೊಟ್ಟಿದ್ದರೆ 5×11×4 ಮಿಮೀ ಬೇರಿಂಗ್ ಹದಿನಾರು ತರಿಸಿ, ಕಟ್ಟುವಾಗಲೇ ಹಾಕಿ. ಆಮೇಲೆ ಹಾಕುತ್ತೇನೆಂದರೆ ಅರ್ಧ ಗಾಡಿ ಬಿಚ್ಚಬೇಕು.

ಟಿಟಿ-02 ಕಟ್ಟುವವರು ಹೆಚ್ಚಾಗಿ ಎಡವುವುದು ಡಿಫರೆನ್ಷಿಯಲ್‌ನಲ್ಲಿ, ಅಂದರೆ ಮುಂದೆ ಒಂದು, ಹಿಂದೆ ಒಂದು ಇರುವ, ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರಿನ ಗೂಡಿನಲ್ಲಿ. ಒಂದನ್ನು ತಿರುವುಮುರುವು ಕೂರಿಸಿದರೆ ಮುಂದಿನ ಚಕ್ರ ಮುಂದಕ್ಕೆ, ಹಿಂದಿನದು ಹಿಂದಕ್ಕೆ ಹೋಗ್ತದೆ. ಮುಚ್ಚಳ ಬಿಗಿಯುವ ಮೊದಲು ಶಾಫ್ಟ್ ಕೈಯಲ್ಲಿ ತಿರುಗಿಸಿ ನಾಲ್ಕೂ ಒಂದೇ ದಿಕ್ಕಾ ನೋಡಿ. ಸರ್ವೋದ ಹಾರ್ನ್, ಅಂದರೆ ಅದರ ಮೇಲಿನ ಪುಟ್ಟ ಕೈ, ಹಾಕುವ ಮೊದಲು ರಿಮೋಟ್ ಆನ್ ಮಾಡಿ, ಟ್ರಿಮ್ (ನಡುವನ್ನು ಸರಿಮಾಡುವ ಗುಂಡಿ) ಸೊನ್ನೆಗೆ ತಂದು, ಸರ್ವೋ ತಾನೇ ನಡುವಿಗೆ ಬಂದ ಮೇಲೆ ಹಾಕಿ. ಪಿನಿಯನ್ (ಮೋಟರಿನ ಚಿಕ್ಕ ಗೇರ್) ಮತ್ತು ಸ್ಪರ್ ಗೇರಿನ ನಡುವೆ ನೋಟ್‌ಬುಕ್ಕಿನ ಹಾಳೆಯ ಒಂದು ಪಟ್ಟಿ ಇಟ್ಟು ಒತ್ತಿ ಮೋಟರ್ ಬಿಗಿಯಿರಿ, ಹಾಳೆ ಎಳೆದರೆ ಬೇಕಾದಷ್ಟೇ ಸಂದು ಉಳೀತದೆ. ಬಿಗಿಯಾದರೆ ಕಿರುಚಿ ಬಿಸಿಯಾಗ್ತದೆ, ಸಡಿಲಾದರೆ ಹಲ್ಲು ಹೋಗ್ತದೆ. ಪ್ಲಾಸ್ಟಿಕ್ಕಿಗೆ ಸ್ಕ್ರೂ ಮತ್ತೆ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಿ, ಟಕ್ ಅಂತ ಹಳೆ ಥ್ರೆಡ್ಡಿಗೆ ಬಿದ್ದ ಮೇಲೆ ಮುಂದಕ್ಕೆ. ಥ್ರೆಡ್‌ಲಾಕ್ (ಸ್ಕ್ರೂ ಸಡಿಲಾಗದಂತೆ ಹಚ್ಚುವ ಅಂಟು) ನೀಲಿಯದು, ಲೋಹ ಲೋಹಕ್ಕೆ ಸೇರುವಲ್ಲಿ ಮಾತ್ರ. ಪ್ಲಾಸ್ಟಿಕ್ಕಿಗೆ ತಾಗಿದರೆ ಬಿರುಕು ಬಿಡಬಹುದು. ಗಾಡಿಯ ಬಾಡಿಯ ಒಳಬದಿಗೆ ಪಾಲಿಕಾರ್ಬನೇಟ್ ಪೈಂಟ್, ಮೊದಲು ಗಾಢ ಬಣ್ಣ, ಆಮೇಲೆ ತಿಳಿ. ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಮೊದಲ ಗುದ್ದಿಗೇ ಹೊಪ್ಪಳೆ ಏಳ್ತದೆ.

ಇಷ್ಟೆಲ್ಲ ಹೊಸ ಕಿಟ್ಟಿನಲ್ಲೇ ಕಲಿಯಬೇಕೆಂದಿಲ್ಲ. ರೆಡಿ ಗಾಡಿ ತಂದು ಒಂದು ತಿಂಗಳಾದ ಮೇಲೆ ಮಗನ ಹತ್ತಿರ ಪೂರ್ತಿ ಬಿಚ್ಚಿಸಿ. 1.5, 2, 2.5 ಮಿಮೀ ಅಲೆನ್ ಡ್ರೈವರ್ ಒಳ್ಳೆಯದೇ ತೆಗೆಯಿರಿ, ಎಲ್ ಆಕಾರದ ಪುಕ್ಕಟೆ ಕೀಲಿ ಸ್ಕ್ರೂವಿನ ತಲೆ ತಿಂತದೆ. ಪ್ರತಿ ಹಂತಕ್ಕೂ ಫೋಟೋ, ಸ್ಕ್ರೂಗಳಿಗೆ ಇಡ್ಲಿ ತಟ್ಟೆ. ಅಮ್ಮನ ಹತ್ತಿರ ಕೇಳಿ ತೆಗೆಯಲಿ.

ಬ್ಯಾಟರಿಯ ಬಗ್ಗೆ ಕಡಿಮೆ ಹೇಳಿದರೆ ತಪ್ಪಾಗ್ತದೆ. ಎರಡು ಸೆಲ್‌ನ ಲಿಪೋ ತುಂಬಿದಾಗ 8.4 ವೋಲ್ಟ್. ಸೆಲ್ಲಿಗೆ 3 ವೋಲ್ಟಿನ ಕೆಳಗಿಳಿದರೆ ಅದರ ಕಥೆ ಮುಗೀತು. ಇಎಸ್‌ಸಿಯಲ್ಲಿ ಲಿಪೋ ಮತ್ತು ನಿಕಲ್ ಬ್ಯಾಟರಿಗೆ ಬೇರೆಬೇರೆ ಜಂಪರ್ (ಯಾವ ಬ್ಯಾಟರಿ ಎಂದು ಆರಿಸುವ ಪುಟ್ಟ ಕ್ಲಿಪ್) ಇದ್ದರೆ ಲಿಪೋಗೆ ಹಾಕಿದ್ದೀರಾ ನೋಡಿ. ತಪ್ಪಿದರೆ ಗಾಡಿ ನಿಲ್ಲದೆ ಓಡಿ ಬ್ಯಾಟರಿಯನ್ನು ಕೊಲ್ತದೆ. ಚಾರ್ಜರ್ ಬ್ಯಾಲೆನ್ಸ್ ಮಾಡುವಂಥದ್ದೇ (ಎರಡೂ ಸೆಲ್ ಸಮವಾಗಿ ತುಂಬಿಸುವಂಥದ್ದು) ಬೇಕು, 1500 ಎಂಎಎಚ್‌ಗೆ 1.5 ಆಂಪಿಯರ್ ಮೇಲೆ ಬೇಡ. ಟೈಲ್ಸ್ ನೆಲದಲ್ಲಿಟ್ಟು, ಎದುರಲ್ಲಿ ಕೂತು ಚಾರ್ಜ್ ಮಾಡಿ. ಹಾಸಿಗೆ ಮೇಲೆ, ರಾತ್ರಿ ಮಲಗುವಾಗ ಖಂಡಿತ ಬೇಡ. ಉಬ್ಬಿದ್ದನ್ನು ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೂ ಹಾಕಬೇಡಿ. ಪ್ಲಗ್ ಬದಲಾಯಿಸುವಾಗ ಎರಡೂ ವಯರ್ ಒಟ್ಟಿಗೆ ಕತ್ತರಿಸಿದರೆ ಕತ್ತರಿಯೇ ಶಾರ್ಟ್ ಮಾಡ್ತದೆ; ಒಂದನ್ನು ಕತ್ತರಿಸಿ, ಬೆಸೆದು, ಮುಚ್ಚಿದ ಮೇಲೆ ಇನ್ನೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಹೊರಗೆ ತೆಗೆಯುವುದೇ ಅಪರೂಪ ಅಲ್ವಾ, ಆಗ ಸೆಲ್ಲಿಗೆ 3.8 ವೋಲ್ಟಿಗೆ ತಂದು ಇಡಿ. ತುಂಬಿಸಿ ಇಟ್ಟರೆ ದೀಪಾವಳಿಗೆ ತೆಗೆಯುವಾಗ ಉಬ್ಬಿರಬಹುದು.

ಈಗ ಮಲ್ಪೆ. ಒದ್ದೆ ಮರಳಿನ ಮೇಲೆ ಗಾಡಿ ಓಡುವುದು ನೋಡಲು ಲಾಯ್ಕ್, ಸುಳ್ಳಲ್ಲ. ಆದರೆ ನೀರು ತಾಗಿದರೂ ಆಗ್ತದೆ ಅಂತ ಡಬ್ಬಿಯಲ್ಲಿ ಬರೆದದ್ದು ಎಲೆಕ್ಟ್ರಾನಿಕ್ಸಿಗೆ ಮಾತ್ರ. ಉಪ್ಪು ಬೇರಿಂಗ್, ಸ್ಕ್ರೂ, ಮೋಟರಿನ ಬ್ರಶ್ ಎಲ್ಲ ತಿಂತದೆ, ಮರಳು ಗೇರಿನ ಹಲ್ಲು ಸವೆಸ್ತದೆ. ಪಣಂಬೂರು, ತಣ್ಣೀರುಬಾವಿಯಲ್ಲೂ ಕಥೆ ಇದೇ. ಆದರೂ ಒಂದು ಸಲ ಹೋಗಿಯೇ ಹೋಗ್ತೀರಿ ಅಂದರೆ, ಮನೆಗೆ ಬಂದ ಕೂಡಲೇ ಬ್ಯಾಟರಿ ತೆಗೆದು, ಇಎಸ್‌ಸಿ ಕಡೆಗೆ ರಭಸದ ನೀರು ಹೋಗದಂತೆ ಬಾವಿ ನೀರಲ್ಲಿ ತೊಳೆಯಿರಿ, ಗಾಳಿ ಊದಿ ಒಣಗಿಸಿ, ಬೇರಿಂಗಿಗೆ ಡಬ್ಲ್ಯುಡಿ-40 ಹೊಡೆದು ನೀರು ಓಡಿಸಿ, ಆಮೇಲೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದೊಂದು ಹನಿ. ತೆಂಗಿನೆಣ್ಣೆ ಬೇಡ ಮಾರಾಯ್ರೆ, ಧೂಳು ಹಿಡಿದು ಅಂಟಾಗ್ತದೆ.

ಶುರುವಿಗೆ ಇಂಟರ್‌ಲಾಕ್ ಹಾಕಿದ ಅಂಗಳ, ರಜೆಯ ದಿನ ಶಾಲೆಯ ಮೈದಾನ ಸಾಕು. ಕೊಯ್ಲಾದ ಗದ್ದೆಯ ಕೂಳೆಯಲ್ಲಿ 1/14 ಗಾಡಿಯ ಹೊಟ್ಟೆ ಸಿಕ್ಕಿಬೀಳ್ತದೆ, ಹುಲ್ಲು ಆಕ್ಸೆಲಿಗೆ ಸುತ್ತಿ ಮೋಟರ್ ಬಿಸಿಯಾಗ್ತದೆ. ಮೋಟರನ್ನು ಬೆರಳಲ್ಲಿ ಮೂರು ಸೆಕೆಂಡ್ ಮುಟ್ಟಲು ಆಗದಿದ್ದರೆ ನಿಲ್ಲಿಸಿ, ತಣಿಯಲಿ. ಮತ್ತೆಮತ್ತೆ ಹೀಗೇ ಬಿಸಿಯಾದರೆ ಪಿನಿಯನ್ ಒಂದೆರಡು ಹಲ್ಲು ಚಿಕ್ಕದು ಹಾಕಿ. ಮುರಕಲ್ಲಿನ ಪದವು (ಗುಡ್ಡದ ಮೇಲಿನ ಬೋಳು ಬಯಲು) ಹತ್ತಿರ ಇದ್ದವರಿಗೆ ಬಗ್ಗಿಗಿಂತ ನಿಧಾನ ಹತ್ತುವ ಕ್ರಾಲರ್ ಒಳ್ಳೆಯದು, ಅದರ ಚರ್ಚೆ ಬೇರೆಯೇ ಮಾಡುವ.

ಎಲ್ಲಿ ಓಡಿಸಿದರೂ ಮೊದಲು ರಿಮೋಟ್ ಆನ್, ಆಮೇಲೆ ಗಾಡಿ. ನಿಲ್ಲಿಸುವಾಗ ಮೊದಲು ಗಾಡಿ, ಆಮೇಲೆ ರಿಮೋಟ್. ಮೊದಲ ವಾರ ಥ್ರಾಟಲ್ ಅರ್ಧಕ್ಕೆ ಇಳಿಸಿ ಕೊಡಿ. ಒಂದು ಕಿಲೋದಷ್ಟು ತೂಕ ನಲವತ್ತರ ಸ್ಪೀಡಿನಲ್ಲಿ ಬಂದರೆ ಕಾಲಿನ ಗಂಟು ಉಳಿಯುವುದಿಲ್ಲ, ಚಿಕ್ಕ ಮಕ್ಕಳು, ನಾಯಿ ಇರುವಲ್ಲಿ ಬೇಡವೇ ಬೇಡ.

ಆರ್ಡರ್ ಮಾಡುವ ಮೊದಲು ನೋಡಿಟ್ಟ ಮಾಡೆಲ್ಲಿನ ಸರ್ವೋ ಪ್ಲಗ್ಗಿನ ಫೋಟೋ ಇಲ್ಲಿ ಹಾಕಿ. ವಯರ್ ಮೂರಾ ಐದಾ ನೋಡಿ ಹೇಳುವ.